ಜೋಳದ ಚೀಲದಲ್ಲಿ ಹೂತಿಟ್ಟ ಗುಳಿಗೆ

ನನ್ನ ಮಗನ ತೂಕ ಆರು ಕಿಲೋ ಏರಿತ್ತು! ಬಿಜಾಪುರದ ದೊಡ್ಡ ದವಾಖಾನೆಯ ಡಾಕ್ಟರು, "ನಿಮ್ಮ ಮಗ ಗಟ್ಟಿ ಆಗ್ಯಾನ್ರಿ ಅಮ್ಮಾ. ಹಿಂಗ ತಪ್ಪದ ಗುಳಿಗಿ ತಗೊಂಡ್ರ ಹೆದರಿಕಿ ಇಲ್ಲ" ಎಂದದ್ದೇ ತಡ, ಅವರ ಕಾಲು ಹಿಡಿಯಲು ಹೋದೆ. ಅವರು ಗಾಬರಿಯಾಗಿ ಕುರ್ಚಿ ಹಿಂದೆ ಸರಿಸಿಕೊಂಡರು. ಬರುವಾಗ ಮನಗೂಳಿಯಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ.

"ನನ್ನ ಮಗ ದಪ್ಪ ಆಗ್ಯಾನವಾ!"

"ನನ್ನ ಗಂಡನೂ ಆಗ್ಯಾನ ಬಿಡ್ರಿ, ಮಾಳಗಿ ಮೆಟ್ಲಾ ಹತ್ತಾಕ ಬರವಲ್ದು" ಎಂದಳು ಆಕೆ. ಮಗ ಕಿಟಕಿಯ ಕಡೆ ತಿರುಗಿ ನಕ್ಕ.

ಅದಕ್ಕೂ ಏಳು ತಿಂಗಳ ಹಿಂದೆ ಅವನನ್ನು ಬಸವನ ಬಾಗೇವಾಡಿಯ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದ್ದೆವು. ಕುಡಿತವೇನೋ ಬಿಟ್ಟ. ಆದರೆ ಅಲ್ಲೇ ರಕ್ತ ನೋಡಿದಾಗ ಎಚ್‌ಐವಿ ಇದೆಯೆಂದು ಗೊತ್ತಾಯಿತು. ಸೊಸೆಯ ರಕ್ತ, ಮೊಮ್ಮಗಳ ರಕ್ತ ಚೊಕ್ಕ ಇತ್ತು. ದೇವರು ಅಷ್ಟಾದರೂ ಕರುಣೆ ತೋರಿದ. ಕೇಂದ್ರದಲ್ಲಿ ಬುದ್ಧಿ ಹೇಳುವ ಹೆಣ್ಣುಮಗಳೊಬ್ಬರಿದ್ದರು, ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. "ಬರೀ ಚೀಟಿ ಕೊಟ್ಟು ಕಳಿಸಿದ್ರ ಇವರು ನಡುದಾರ್ಯಾಗ ಇಳದ್ಬಿಡ್ತಾರ" ಎಂದು ತಾವೇ ಅವನ ಜೊತೆ ಬಸ್ಸಿನಲ್ಲಿ ಕೂತು ಬಿಜಾಪುರಕ್ಕೆ ಕರೆದೊಯ್ದರು. ಅಲ್ಲಿ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು.

ಮೂರನೆಯ ದಿನ ಬೆಳಿಗ್ಗೆ ಅವನು ತೂರಾಡುತ್ತಾ ಎದ್ದ. ಸೊಸೆಯನ್ನು ಕೂಗಿ ಕರೆದೆ.

"ಮತ್ತ ಕುಡದಾನ!"

"ಇಲ್ಲರಿ ಅತ್ತಿ, ಬಾಯಿ ವಾಸನಿ ಬರವಲ್ದು" ಎಂದಳು ಸೊಸೆ.

ಹಾಗಾದರೆ ಗುಳಿಗೆಯಲ್ಲೇ ಅಮಲು ಇದೆ ಅಂದುಕೊಂಡೆ. ಡಬ್ಬಿಯನ್ನು ಜೋಳದ ಚೀಲದೊಳಗೆ ಹೂತಿಟ್ಟೆ. ಸಂಜೆ ಅವನು ಮನೆಯೆಲ್ಲ ಹುಡುಕಿದ.

"ಕೊಡ ಬೇ ಯವ್ವಾ. ಅದಿಲ್ಲಂದ್ರ ನಾ ಉಳಿಯಂಗಿಲ್ಲ."

"ಸೆರೆ ಕುಡಿಯಾಗನೂ ಹಿಂಗ ಅಂತಿದ್ದೆಲ್ಲೋ!"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸರಾಯಿ ಅಂಗಡಿಗೇ ಹೋದ ಎಂದು ನಾನು ಹೊಸ್ತಿಲಲ್ಲಿ ಕೂತು ದಾರಿ ನೋಡಿದೆ. ಹೋದದ್ದು ಬಾಗೇವಾಡಿಗೆ. ಮುಂದಿನ ಬಸ್ಸಿಗೆ ಬಾಯಾರನ್ನೇ ಕರೆದುಕೊಂಡು ನಮ್ಮ ಇಂಗಳೇಶ್ವರಕ್ಕೆ ಬಂದ.

"ಯವ್ವಾ, ಮೊದಮೊದಲು ತಲಿ ತಿರಗತೈತಿ, ಹದಿನೈದು ದಿನದಾಗ ಹೋಗತೈತಿ" ಎಂದರು ಅವರು. "ಇದು ನಿಶಾ ಅಲ್ಲ. ಇದನ್ನ ತಪ್ಪಿಸಿದ್ರ ಮಗನ್ನ ಕಳಕೋತೀರಿ."

ಚೀಲದೊಳಗೆ ಮೊಳಕೈತನಕ ಕೈ ಹಾಕಿ ತಡಕಿ ಡಬ್ಬಿ ತೆಗೆದೆ.

"ನೋಡ್ರಿ ಬಾಯಾರ, ಕುಡುಕ ಬಾಟ್ಲಿ ಬಚ್ಚಿಡ್ತಾನ, ನಮ್ಮವ್ವ ಗುಳಿಗಿ ಬಚ್ಚಿಡ್ತಾಳ!" ಎಂದ ಮಗ. ಎಲ್ಲರೂ ನಕ್ಕರು. ನನಗೆ ಮಾತ್ರ ನಗುತ್ತಲೇ ಅಳು ಬಂತು. ಅಂದಿನಿಂದ ದಿನಾ ಅವನಿಗೆ ಗುಳಿಗೆ ನನ್ನ ಕೈಯಿಂದಲೇ.

ತೂಕ ಏರಿದ ಸುದ್ದಿ ತಂದ ಆ ಸಂಜೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದೆವು. ಮಗ ಮೂರನೆಯ ರೊಟ್ಟಿ ಕೇಳಿದ.

"ನಮಗೂ ಇರಲಿ ಬಿಡಲೇ" ಎಂದು ಸುಳ್ಳುಸುಳ್ಳೇ ಗದರಿದೆ. ಮೊಮ್ಮಗಳು ಅದನ್ನೇ ನಿಜವೆಂದುಕೊಂಡು ತನ್ನ ಅರ್ಧ ರೊಟ್ಟಿ ಮುರಿದು ಅಪ್ಪನ ತಟ್ಟೆಗೆ ಹಾಕಿದಳು. ಅವನು ಅದನ್ನು ಮೊಸರಲ್ಲಿ ಅದ್ದಿ ತಿಂದ. ಒಲೆಯ ಮುಂದಿದ್ದ ಸೊಸೆಯನ್ನೂ ಎಬ್ಬಿಸಿ ಕರೆತಂದು ನಡುವೆ ಕೂರಿಸಿಕೊಂಡು ನಾವೆಲ್ಲ ಉಂಡೆವು.