ಅತ್ತೆ ಹೇಳುತ್ತಿದ್ದ ಐರಿಷ್ ದೊರೆಸಾನಿ

ಮೈಸೂರು ಸಿಲ್ಕ್ ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್; ಬಲಗಾಲಿನ ಲೇಸ್ ಯಾವಾಗಲೂ ಬಿಚ್ಚಿಕೊಂಡೇ ಇರುತ್ತಿತ್ತು. ಅದನ್ನು ಕಟ್ಟಿಕೊಳ್ಳುವಷ್ಟು ಹೊತ್ತು ನಮ್ಮತ್ತೆ ಒಂದು ಕಡೆ ನಿಂತರೆ ತಾನೆ? ಅಮೆರಿಕದ ಸ್ಟರ್ಲಿಂಗ್‌ನ ನಮ್ಮ ಮನೆಯಲ್ಲಿ ಕಾಫಿಯನ್ನೂ ಓಡಾಡುತ್ತಲೇ ಕುಡಿಯುತ್ತಿದ್ದರು. "ಕೂತ್ರೆ ತಲೆ ಓಡತ್ತೆ ಕಣೆ, ಓಡಾಡಿದ್ರೆ ಅದು ಸುಮ್ನಿರತ್ತೆ" ಎನ್ನುತ್ತಿದ್ದರು.

ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಕಲಿಸಿದವರು. ತಮ್ಮ ಅಣ್ಣನ ಮೂಲಕ ಗ್ರೀನ್ ಕಾರ್ಡ್ ಸಿಕ್ಕಿ ಇಲ್ಲಿಗೆ ಬಂದ ಮೇಲೆ ವಾಷಿಂಗ್ಟನ್ ಡಿ.ಸಿ.ಯ ಮ್ಯೂಸಿಯಂ ಒಂದರಲ್ಲಿ ವಾಲಂಟಿಯರ್ ಆಗಿ ಜನರಿಗೆ ಚಿತ್ರಗಳನ್ನು ತೋರಿಸುತ್ತಿದ್ದರು. ಅವರನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಒಂದೇ ಚಿತ್ರ. ಹದಿನೆಂಟನೇ ಶತಮಾನದ ದೊರೆಸಾನಿ, ಐರ್ಲೆಂಡಿನಲ್ಲಿ ನೆಲೆಸಿದ ಇಂಗ್ಲಿಷ್ ಮನೆತನದವಳು. ಎಳೆ ವಯಸ್ಸಿಗೇ ಮದುವೆ, ಸಾಲಾಗಿ ಐದು ಮಕ್ಕಳು. ಗಂಡನ ಕಾಟ ತಾಳಲಾರದೆ ಮನೆ ಬಿಟ್ಟಳು. ಆಗಿನ ಕಾನೂನಿನಲ್ಲಿ ಮಕ್ಕಳು ತಂದೆಗೇ ಸೇರಿದವರು. ಅವನು ಒಂದನ್ನೂ ಕಳಿಸಲಿಲ್ಲ. ದೊರೆಸಾನಿ ದೇಶದಿಂದ ದೇಶಕ್ಕೆ ಅಲೆದಳು. ಮೀಸೆ ಬಂದ ಮೇಲೆ ಎದುರಾದ ಕಿರಿಮಗ ಅವಳನ್ನು "ಮೇಡಂ" ಎಂದು ಕರೆದನಂತೆ. "ಹೆತ್ತೋಳನ್ನ ಕಣೆ!" ಎಂದು ಅತ್ತೆ ಪ್ರತಿಸಲವೂ ಚಡಪಡಿಸುತ್ತಿದ್ದರು.

ಕೋವಿಡ್ ಇಳಿದ ಮೇಲೆ ನನ್ನ ಸಂಸಾರ ಮುರಿಯಿತು. ಗಂಡನಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತ್ತು; ಮಗಳನ್ನೂ ಕರೆದೊಯ್ಯುತ್ತೇನೆಂದು ಹಟ ಹಿಡಿದ. ನಾನಿದ್ದದ್ದು ಅವನ ವೀಸಾದ ಮೇಲೆ, ವಿಚ್ಛೇದನವಾದರೆ ಅದೂ ಹೋಗುತ್ತಿತ್ತು; ಕೈಯಲ್ಲಿ ಕೆಲಸವಿರಲಿಲ್ಲ.

"ಅಮ್ಮ, ಮಗೂನ ನಾನೇ ನೋಡ್ಕೋತೀನಿ ಅಂತ ಕೋರ್ಟಲ್ಲಿ ಹೇಳು, ಸಾಕು" ಎಂದ ಅತ್ತೆಗೆ.

ಅಂದು ರಾತ್ರಿಯಿಡೀ ಅತ್ತೆ ಓಡಾಡಿದರು. ಮನೆ ತುಂಬ ಅವರ ಹೆಜ್ಜೆ ಸದ್ದೇ. ಅವರ ಮುಖ ನೋಡಲೂ ನನಗೆ ಹೆದರಿಕೆ.

ಕೋರ್ಟಿನಲ್ಲಿ ಅವರು ಹೇಳಿದ್ದಿಷ್ಟೇ: ಮಗುವನ್ನು ನಾನು ಸಾಕಬಲ್ಲೆ, ಆದರೆ ಅವಳನ್ನು ಚೆನ್ನಾಗಿ ನೋಡಿಕೊಳ್ಳುವ ತಾಯಿ ಇರುವಾಗ ನಾನೇಕೆ ಸಾಕಬೇಕು?

ಪಾರ್ಕಿಂಗ್ ಲಾಟಿನಲ್ಲಿ ಮಗ ಕೂಗಾಡಿದ. "ನೀನು ನನ್ನ ಅಮ್ಮಾನೇನಾ?"

"ಅಮ್ಮ ಆಗಿರೋದಕ್ಕೇ ಹೇಳ್ದೆ ಕಣೋ" ಎಂದರು.

ಮಗಳು ನನ್ನ ಬಳಿ ಉಳಿದಳು. ರಜೆಗೆ ಅಪ್ಪನ ಮನೆ. ವಿಚ್ಛೇದನ ಮುಗಿಯುವಷ್ಟರಲ್ಲಿ ನನಗೆ ಕೆಲಸವೂ ಸ್ವಂತ ವೀಸಾವೂ ಸಿಕ್ಕಿದವು. ಅತ್ತೆ ನಮ್ಮೊಂದಿಗೇ ಇದ್ದರು. ಮಗ ಮಾತ್ರ ಅವರ ಫೋನ್ ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ಫೋನ್ ಹಿಡಿದು ಡ್ರೈವ್‌ವೇಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ನನಗಾಗಿ ಅವರು ತೆತ್ತದ್ದು ಏನೆಂದು ಕಿಟಕಿಯಿಂದ ನೋಡುವಾಗ ತಿಳಿಯುತ್ತಿತ್ತು.

ಹೋದ ವಸಂತದಲ್ಲಿ ಅವರ ಹೃದಯ ಕೈಕೊಟ್ಟಿತು. ಸುದ್ದಿ ಕೇಳಿ ಮಗ ಬಂದ. ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಟ್ಟ. ಅತ್ತೆ ಕಣ್ಣು ಬಿಟ್ಟು, "ಸ್ಕೂಲ್ ಬಿಡೋ ಹೊತ್ತಾಯ್ತಲ್ಲ, ಮಗೂನ ಯಾರು ಪಿಕಪ್ ಮಾಡ್ತಾರೆ?" ಎಂದರು.

"ನಾನು ಹೋಗ್ತೀನಮ್ಮ."

"ಬೇಗ ಹೋಗಪ್ಪ, ಅವಳು ಕಾಯ್ತಿರ್ತಾಳೆ."

ಅದೇ ಅವರ ಕೊನೆಯ ಮಾತು.