ಸತ್ವಾದ ಮನೆಯಲ್ಲಿ ತೊಳೆಯದೆ ಬಿಟ್ಟ ಲೋಟ

ಮೈಸೂರಿನಲ್ಲಿ ಮೂರು ಸಲ ಕೇಸರಿಬಾತಿನ ತಟ್ಟೆ ಹಿಡಿದು ಗಂಡಿನ ಕಡೆಯವರ ಮುಂದೆ ನಿಂತವಳು ನಾನು. ಮೂರೂ ಸಲ ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಎದ್ದುಹೋದವರು ಇವತ್ತಿನವರೆಗೂ ತಿಳಿಸಿಲ್ಲ. ಹಾಗಾಗಿ ದುಬೈನಲ್ಲಿ ಹಾಸಿಗೆ ಹುಡುಕಲು ಹೊರಟಾಗ ನನಗೆ ಒಳಗೊಳಗೇ ಖುಷಿ. ಈ ಸಲ ನೋಡುವವಳು ನಾನು, ತೋರಿಸುವವರು ಅವರು.

ಹಾಸಿಗೆ ಎಂದರೆ ಬರೀ ಹಾಸಿಗೆಯೇ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನಂಥ ಟೈಪಿಸ್ಟಿನ ಸಂಬಳಕ್ಕೆ ಮನೆ, ರೂಮು ಎಲ್ಲ ದೂರದ ಮಾತು. ಸಿಗುತ್ತಿದ್ದದ್ದು ಬೆಡ್‌ಸ್ಪೇಸ್. ಯಾರದೋ ಕೋಣೆಯಲ್ಲಿ ಒಂದು ಮಂಚ, ಫ್ರಿಜ್ಜಿನಲ್ಲಿ ಅರ್ಧ ಶೆಲ್ಫು, ಬೆಳಿಗ್ಗೆ ಬಚ್ಚಲಿನಲ್ಲಿ ಹದಿನೈದು ನಿಮಿಷ.

ಅಲ್ಲಿಯವರೆಗೆ ನಾನು ದೊಡ್ಡಪ್ಪನ ಮಗನ ಮನೆಯ ಹಾಲಿನಲ್ಲಿ, ಸೋಫಾದ ಮೇಲೆ ಮಲಗುತ್ತಿದ್ದೆ. ಅತ್ತಿಗೆಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಅವರ ತಾಯಿ ಬರುವವರಿದ್ದರು, ಸೋಫಾ ಖಾಲಿಯಾಗಬೇಕಿತ್ತು. ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: “ತಿಂಗಳೊಳಗೆ ನಮ್ಮವರ ಜೊತೆ ಒಳ್ಳೆ ಜಾಗ ಸಿಕ್ಕಿದ್ರೆ ಇರು. ಇಲ್ಲಾಂದ್ರೆ ಸುಮ್ನೆ ವಾಪಸ್ ಬಾ.” ದುಬೈನ ಡೇರಾ ಬಡಾವಣೆಯ ಆಫೀಸಿನಲ್ಲಿ ನನ್ನದೇ ಒಂದು ಮೇಜಿತ್ತು. ಅದರ ಡ್ರಾಯರಿಗೆ ಬೀಗ, ಬೀಗದ ಕೈ ನನ್ನ ಪರ್ಸಿನಲ್ಲಿ. ಅದನ್ನು ಬಿಟ್ಟು ನಾಲ್ಕನೆಯ ಕೇಸರಿಬಾತಿಗೆ ಹೋಗುವ ಮನಸ್ಸು ನನಗೆ ಸುತರಾಂ ಇರಲಿಲ್ಲ.

ಬಸ್‌ಸ್ಟಾಪಿನ ಕಂಬ, ದಿನಸಿ ಅಂಗಡಿಯ ಗಾಜು, ಎಲ್ಲೆಲ್ಲೂ ಚೀಟಿಗಳು. ಕೆಳಗೆ ಫೋನ್ ನಂಬರು ಬರೆದು ಬಾಚಣಿಗೆಯ ಹಲ್ಲಿನ ಹಾಗೆ ಕತ್ತರಿಸಿರುತ್ತಿದ್ದರು, ಬೇಕಾದವರು ಒಂದು ಹಲ್ಲು ಕಿತ್ತುಕೊಳ್ಳಬೇಕು. ಶುಕ್ರವಾರ ರಜೆಯ ದಿನ ನಾನು ಪರ್ಸಿನ ತುಂಬ ಹಲ್ಲು ತುಂಬಿಕೊಂಡು ಹೊರಡುತ್ತಿದ್ದೆ.

ಮೊದಲನೆಯದು ಹಾಲಿನ ನಡುವೆ ಪ್ಲೈವುಡ್ ನಿಲ್ಲಿಸಿ ಮಾಡಿದ ಗೂಡು. ಆಚೆ ಬದಿಯಲ್ಲಿ ಯಾರೋ ಸೀನಿದರೆ ಈಚೆಯ ಗೋಡೆ ನಡುಗುತ್ತಿತ್ತು. ಎರಡನೆಯದು ಅಪ್ಪ ಹೇಳಿದಂಥದ್ದೇ, ನಮ್ಮ ಕಡೆಯ ಸಂಸಾರ. ಕೂರುವುದಕ್ಕೆ ಮುಂಚೆಯೇ ಯಾವ ಬಡಾವಣೆ, ಯಾರ ಪೈಕಿ ಎಂದೆಲ್ಲ ವಿಚಾರಣೆಯಾಯಿತು. ಆಮೇಲೆ ಆಕೆ, “ಸಂಜೆ ಹೊತ್ತು ನಮ್ಮ ಇಬ್ಬರು ಮಕ್ಕಳಿಗೆ ಪಾಠ ಹೇಳ್ಕೊಟ್ರೆ ನಿಮಗೂ ಬೇಜಾರು ಕಳಿಯತ್ತೆ” ಎಂದರು. ನನಗೆ ಬೇಜಾರೇ ಇರಲಿಲ್ಲ. ನಮಸ್ಕಾರ ಹಾಕಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.

ಮೂರನೆಯದು ಸತ್ವಾದಲ್ಲಿ, ಟೈಲರ್ ಅಂಗಡಿಗಳ ಹಿಂದಿನ ಗಲ್ಲಿಯ ಹಳೇ ವಿಲ್ಲಾ. ಬೇರೆ ಬೇರೆ ದೇಶದ ಆರು ಹೆಂಗಸರು, ಏಳನೆಯ ಮಂಚ ಖಾಲಿ. ಸಲೂನಿನಲ್ಲಿ ಕೆಲಸ ಮಾಡುವ ಫಿಲಿಪ್ಪೀನಿ ಹೆಂಗಸೊಬ್ಬಳು ಮನೆಯ ಯಜಮಾನಿಕೆ ನೋಡುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿದ್ದವು, ಫ್ರಿಜ್ಜಿನ ಡಬ್ಬಗಳ ಮೇಲೆ ಹೆಸರಿನ ಚೀಟಿ. ಸಿಂಕಿನ ಮೇಲೆ ಏಳು ಮೊಳೆ, ಆರಕ್ಕೆ ಹೆಸರಿನ ಚೀಟಿ, ಕೆಳಗಿನ ಶೆಲ್ಫಿನಲ್ಲಿ ಅವರವರ ಲೋಟ. ನಾನು ಸುಮ್ಮನಿರುವವಳಲ್ಲ. ನಲ್ಲಿ ತಿರುಗಿಸಿದೆ, ಫ್ಲಶ್ ಎಳೆದೆ, ಎ.ಸಿ.ಯ ಗಾಳಿ ಯಾವ ಮಂಚಕ್ಕೆ ಬಡಿಯುತ್ತದೆಂದು ಕೈಯೊಡ್ಡಿ ನೋಡಿದೆ. ಜೂನ್ ತಿಂಗಳು. ತಾರಸಿಯ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುವ ಕಾಲ. ಇವರು ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು. ಅದನ್ನು ಕಂಡ ಕ್ಷಣವೇ ನನ್ನ ಮನಸ್ಸು ಆ ಮನೆಗೆ ಹೊಂದಿಕೊಂಡುಬಿಟ್ಟಿತು. ಬುದ್ಧಿ ಇರುವವರ ಮನೆ.

ಗಾಜಿನ ಲೋಟದಲ್ಲಿ ಟೀ ಕೊಟ್ಟರು. ಕುಡಿದೆ, ಚೆನ್ನಾಗಿದೆ ಎಂದೆ, ಲೋಟವನ್ನು ಮೇಜಿನ ಮೇಲೆ ನಾಜೂಕಾಗಿ ಇಟ್ಟೆ. ಯಜಮಾನಿ ಲೋಟ ನೋಡಿದಳು, ನನ್ನನ್ನು ನೋಡಿದಳು. ಆಫೀಸಿನ ನಂಬರು ಬರೆಸಿಕೊಂಡು, “ನಾಳೆ ತಿಳಿಸುತ್ತೇವೆ” ಎಂದಳು. ಎಲ್ಲೋ ಕೇಳಿದ ಮಾತು ಅನ್ನಿಸಿತು.

ಮಾರನೆಯ ದಿನ ನಾನೇ ಫೋನ್ ಮಾಡಿದೆ. “ಸಾರಿ, ಬೇರೆಯವರನ್ನು ನೋಡುತ್ತೇವೆ” ಎಂದಳು. ಕಾರಣ ಹೇಳಲಿಲ್ಲ. ಮೈಯೆಲ್ಲ ಉರಿದುಹೋಯಿತು. ಮೂರು ಗಂಡುಗಳು ತಿಳಿಸದೆಯೇ ಹೋದಾಗ ಇಷ್ಟು ಅವಮಾನವಾಗಿರಲಿಲ್ಲ. ಅವರು ಯಾರೂ ನನಗೆ ಹಿಡಿಸಿರಲಿಲ್ಲ, ಈ ಮನೆ ಹಿಡಿಸಿತ್ತು. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು.

ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಫೋನು ಬಂತು. ಕನ್ನಡ, ಅದರಲ್ಲೂ ಮಂಗಳೂರು ಕಡೆಯ ಕನ್ನಡ.

“ನಿನ್ನೆ ಸತ್ವಾಕ್ಕೆ ಬಂದದ್ದು ನೀನಾ? ನಾನು ಅದೇ ಮನೆಯವಳು, ಬ್ಯಾರಿ, ಆಗ ಹೊಲಿಗೆ ಕೆಲಸಕ್ಕೆ ಅಂಗಡಿಯಲ್ಲಿದ್ದೆ. ಟೀ ಕುಡಿದು ಲೋಟ ತೊಳೆಯದೆ ಹೋದದ್ದು ಯಾಕೆ ಮಾರಾಯ್ತಿ?”

“ಅಯ್ಯೋ, ಬೇರೆಯವರ ಮನೇಲಿ ಲೋಟ ತೊಳೆದ್ರೆ ಅವರೇನು ಅಂದ್ಕೋತಾರೆ? ಮನೆಯವರಿಗೆ ಅವಮಾನ ಅಲ್ವಾ?”

ಆಚೆ ಕಡೆ ಜೋರು ನಗು. “ಅದನ್ನೇ ನಾನು ಇವರಿಗೆ ಹೇಳಿ ಹೇಳಿ ಸಾಕಾದದ್ದು! ಮೊದಲು ಇದ್ದವಳು ಪಾತ್ರೆ ಹಾಗೇ ಬಿಟ್ಟು ಬಿಟ್ಟು ಮನೆಯಲ್ಲಿ ಜಗಳವೋ ಜಗಳ. ಅದಕ್ಕೆ ಈಗ ಯಾರು ಬಂದ್ರೂ ಟೀ ಕೊಟ್ಟು ನೋಡುದು. ತೊಳೆದವಳು ಪಾಸು. ನೀನು ನಮ್ಮ ಮನೆ ನೋಡ್ಲಿಕ್ಕೆ ಬಂದದ್ದು ಅಂತ ಮಾಡಿದ್ಯಾ?”

ನಲ್ಲಿ ತಿರುಗಿಸುತ್ತ, ಫ್ಲಶ್ ಎಳೆಯುತ್ತ ಗಂಡಿನ ಕಡೆಯವಳ ಹಾಗೆ ಮೆರೆದಿದ್ದೆ. ಅಲ್ಲಿಯೂ ತಟ್ಟೆ ಹಿಡಿದು ನಿಂತಿದ್ದವಳು ನಾನೇ!

“ನಮ್ಮ ಊರಿನಲ್ಲಿ ನೆಂಟರು ಲೋಟ ತೊಳೆದ್ರೆ ಮನೆಯವರ ಮರ್ಯಾದೆ ಹೋಗ್ತದೆ, ಆ ಹುಡುಗಿ ನಮ್ಮ ಮರ್ಯಾದೆ ಉಳಿಸಿದ್ದು ಅಂತ ಹೇಳಿದ್ದೇನೆ. ಒಂದು ತಿಂಗಳು ನೋಡುವ ಅಂದಿದ್ದಾರೆ. ಬರುವುದಾದ್ರೆ ಯಲ್ಲಾ, ಹೊರಡು, ಶುಕ್ರವಾರ ಪೆಟ್ಟಿಗೆ ತಕೊಂಡು ಬಾ.”

‘ಒಂದು ತಿಂಗಳು ನೋಡ್ತಾರಂತೆ, ಇವರದೇನು ಜಂಬ’ ಎಂದು ಒಂದು ರಾತ್ರಿಯೆಲ್ಲ ಗೊಣಗಿದೆ. ಬೆಳಿಗ್ಗೆ ಎದ್ದಾಗ ಅತ್ತಿಗೆ ಸೋಫಾದ ಕವರು ಒಗೆಯಲು ಕಾಯುತ್ತ ನಿಂತಿದ್ದರು. ನನ್ನ ಜಂಬ ಅಲ್ಲಿಗೆ ಇಳಿಯಿತು.

ಅಪ್ಪನಿಗೆ ಬೂತಿನಿಂದ ಫೋನ್ ಮಾಡಿದೆ. “ನಮ್ಮವರು ಇದ್ದಾರಾ?” ಎಂಬುದೇ ಮೊದಲ ಪ್ರಶ್ನೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಒಬ್ಬರಿದ್ದಾರೆ. ಮಂಗಳೂರು ಕಡೆಯ ಮುಸ್ಲಿಂ, ಬ್ಯಾರಿ ಹೆಂಗಸು, ಟೈಲರ್” ಎಂದೆ. ಫೋನ್ ಕಾರ್ಡಿನ ದುಡ್ಡು ಕರಗುತ್ತಿತ್ತು. ಕೊನೆಗೆ ಅಪ್ಪ, “ಕನ್ನಡ ಬರತ್ತಾ?” ಎಂದರು.

“ನನ್ನ ಪರವಾಗಿ ಐದು ಜನರ ಹತ್ತಿರ ಜಗಳ ಆಡಿದ್ದಾರೆ. ನನ್ನ ಮುಖವನ್ನೇ ನೋಡದೆ.”

“ಹಾಗಿದ್ರೆ ನಮ್ಮವರೇ, ಬಿಡು” ಎಂದರು ಅಪ್ಪ. ಬೂತಿನೊಳಗೆ ನಿಂತೇ ಅತ್ತುಬಿಟ್ಟೆ. ಹೊರಗೆ ಸಾಲಿನಲ್ಲಿದ್ದವರು ಊರಲ್ಲಿ ಯಾರೋ ತೀರಿಕೊಂಡರು ಎಂದುಕೊಂಡು ದಾರಿ ಬಿಟ್ಟರು.

ಶುಕ್ರವಾರ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಬಾಗಿಲಲ್ಲಿ ನಿಂತಿದ್ದ ಆ ಫೋನಿನ ಅಕ್ಕ, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡ ಗುಂಡು ಮುಖದ ಹೆಂಗಸು, ಪೆಟ್ಟಿಗೆಯ ಒಂದು ಕಡೆ ಹಿಡಿದರು. ಮತ್ತೆ ಅದೇ ಗಾಜಿನ ಲೋಟದಲ್ಲಿ ಟೀ ಬಂತು. ಕೊನೆಯ ಗುಟುಕು ಗಂಟಲಲ್ಲಿ ಇಳಿಯುವ ಮುಂಚೆಯೇ ನಾನು ಸಿಂಕಿನ ಮುಂದೆ ಹಾಜರ್.

ಅಕ್ಕ ನನ್ನ ಕೈ ಹಿಡಿದರು. “ಇಡು ಅಲ್ಲಿ. ಇವತ್ತೊಂದು ದಿನ ನೀನು ನೆಂಟಳು.”

ಯಜಮಾನಿ ನನ್ನ ಕೈಯಿಂದ ಲೋಟ ತೆಗೆದುಕೊಂಡಳು, ನನ್ನ ಎದುರಿಗೇ ತೊಳೆದು, ಏಳನೆಯ ಮೊಳೆಯ ಕೆಳಗಿನ ಶೆಲ್ಫಿನಲ್ಲಿ ಬೋರಲು ಹಾಕಿದಳು. ಆ ಮೊಳೆಗೆ ಆಗಲೇ ನನ್ನ ಹೆಸರಿನ ಚೀಟಿ ಸಿಕ್ಕಿಸಿದ್ದರು.