ಹಿಟ್ಟಿನ ಮೇಲೆ ಎರಡು ಕೈ

2013ರಲ್ಲಿ ನಾನು ಹ್ಯೂಸ್ಟನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಅವ್ವ ಮಳವಳ್ಳಿ ಕಡೆ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು. ನಾನು ಹೊರಟಾಗ ಸೂಟ್‌ಕೇಸಿಗೆ ಬಟ್ಟೆಗಿಂತ ರಾಗಿಹಿಟ್ಟನ್ನೇ ಹೆಚ್ಚು ತುಂಬಿ, "ಅಲ್ಲಿ ಏನ್ ಸಿಕ್ಕದೋ ಏನೋ, ಹೊಟ್ಟೆಗೆ ಹಿಟ್ಟಿರ್ಲಿ" ಅಂದಿದ್ದಳು.

ಬಾಡಿಗೆ ಕಡಿಮೆ ಎಂದು ಕ್ಲಿಯರ್ ಲೇಕ್ ಹತ್ತಿರ, ಉಗಾಂಡದ ಗ್ರೇಸ್ ಆಂಟಿಯ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ಹಿಡಿದೆ. ಐವತ್ತು ದಾಟಿದ ಹೆಂಗಸು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಅಡುಗೆಮನೆ ಇಬ್ಬರಿಗೂ ಒಂದೇ. ಭಾನುವಾರ ಬಂತೆಂದರೆ ಅವರು ಕಡಲೆಬೀಜ ಅರೆದು, ಒಣಮೀನು ಹಾಕಿ ಸಾರು ಕುದಿಸುತ್ತಿದ್ದರು. ನನ್ನ ಬಾಗಿಲು ತಟ್ಟಿ ಊಟಕ್ಕೆ ಕರೆಯುತ್ತಿದ್ದರು. "ಬೇಡ ಆಂಟಿ, ನಮ್ಮಮ್ಮನ ರಾಗಿ ಇದೆ" ಎಂದು ನಾನು ಪ್ರತಿಸಲವೂ ತಪ್ಪಿಸಿಕೊಳ್ಳುತ್ತಿದ್ದೆ. ನಾನೇನು ಮೀನು ತಿನ್ನದವಳಲ್ಲ. ಆ ಪಾತ್ರೆಯಲ್ಲಿ ಇನ್ನೂ ಏನೇನಿದೆಯೋ ಎಂಬ ಅನುಮಾನ, ಅಷ್ಟೆ.

ನವೆಂಬರ್ ಹೊತ್ತಿಗೆ ಅವ್ವನ ರಾಗಿಹಿಟ್ಟಿನ ಡಬ್ಬ ತಳ ಕಾಣತೊಡಗಿತ್ತು. ಉಳಿದ ಹಿಟ್ಟನ್ನು ಇನ್ನಷ್ಟು ದಿನ ಸಾಗಿಸಲು ಮುದ್ದೆಯನ್ನು ಚಿಕ್ಕದು ಮಾಡಿಕೊಂಡೆ. ಅದೇ ದಿನಗಳಲ್ಲಿ ಮುದ್ದೆಯ ಹದ ಬದಲಾಯಿತು. ಬಣ್ಣ ಕೊಂಚ ಕೆಂಪು, ಕೈಗೆ ಅಂಟಂಟು. ಲ್ಯಾಬಿನಲ್ಲಿ ಜೊತೆಗಿದ್ದ ಮೈಸೂರಿನ ರಶ್ಮಿಗೆ ಹೇಳಿದೆ.

"ನಿಮ್ಮಾಂಟಿ ನಿಂದು ತಗೊಂಡು ಅದ್ರ ಬದ್ಲು ಯಾವ್ದೋ ಚೀಪ್ ಹಿಟ್ಟು ಸೇರಿಸ್ತಿದಾರೆ ಕಣೇ. ನಮ್ಮನೆಗೆ ಶಿಫ್ಟ್ ಆಗ್ಬಿಡು ಅಂತ ಆಗ್ಲೇ ಹೇಳ್ದೆ."

"ನೋಡ್ದೆ ಹೆಂಗೆ ಹೇಳೋದು?"

"ಹಂಗಾದ್ರೆ ಡಬ್ಬಕ್ಕೊಂದು ಕ್ಯಾಮೆರಾ ಇಡು."

ಕ್ಯಾಮೆರಾಕ್ಕಿಂತ ಹಳೆಯ ಉಪಾಯ ನನಗೆ ಗೊತ್ತಿತ್ತು. ನಮ್ಮ ಕಡೆ ಕಣದಲ್ಲಿ ರಾಗಿ ರಾಶಿಯಾದ ಮೇಲೆ, ಯಜಮಾನರು ಮನೆಗೆ ಹೋಗುವ ಮುಂಚೆ ಬೂದಿ ಮೆತ್ತಿದ ಅಂಗೈಯನ್ನು ರಾಶಿಯ ಮೇಲೆ ಒತ್ತಿ ಹೋಗುತ್ತಿದ್ದರು. ಕೂಲಿಯವರು ಒಂದು ಹಿಡಿ ತೆಗೆದರೂ ಗುರುತು ಕೆಡುತ್ತದೆ. "ನಮ್ ಕೈಯ ನಂಬಕ್ಕಿಲ್ಲ, ಬೂದಿಯ ನಂಬ್ತರೆ" ಎಂದು ಅವ್ವ ಗೊಣಗುತ್ತಿದ್ದಳು.

ಶನಿವಾರ ಬೆಳಿಗ್ಗೆ ಡಬ್ಬದ ಹಿಟ್ಟನ್ನು ಸಮ ಮಾಡಿ ನನ್ನ ಬಲಗೈ ಒತ್ತಿದೆ. ಒಂದನೇ ತಾರೀಕಿಗೆ ಬಂದುಬಿಡುತ್ತೇನೆ ಎಂದು ರಶ್ಮಿಗೆ ಹೇಳಿಯೂ ಆಯಿತು.

ಭಾನುವಾರ ಮಧ್ಯಾಹ್ನ ಲ್ಯಾಬಿನಿಂದ ಬಂದು ಮುಚ್ಚಳ ತೆಗೆದೆ. ನನ್ನ ಕೈಗುರುತು ಇರಲಿಲ್ಲ. ಹಿಟ್ಟು ಇಳಿದಿರಲಿಲ್ಲ, ಎರಡು ಬೆರಳಿನಷ್ಟು ಮೇಲೆ ಬಂದಿತ್ತು. ಅದರ ಮೇಲೆ ಬೇರೊಂದು ಅಂಗೈ ಮೂಡಿತ್ತು. ನನ್ನದಕ್ಕಿಂತ ಅಗಲ, ದಪ್ಪ ಬೆರಳುಗಳು.

ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದೇ ಅಂದುಕೊಂಡೆ. ಡಬ್ಬವನ್ನು ಎತ್ತಿಕೊಂಡು ಹೋಗಿ ಆಂಟಿಯ ಮುಂದೆ ಇಟ್ಟೆ. "ಇದೇನು?"

ಅವರು ನಕ್ಕರು. "ನಾನು ಸಿಕ್ಕಿಬಿದ್ದೆ ನೋಡು."

"ನನ್ನ ಹಿಟ್ಟು ಎಲ್ಲಿ?"

"ಅದ್ರಲ್ಲೇ ಇದೆ, ಕೆಳಗೆ. ನಿನ್ನ ಉಂಡೆ ದಿನದಿನಕ್ಕೂ ಚಿಕ್ಕದಾಗ್ತಿತ್ತು. ಕರೆದ್ರೆ ಬರಲ್ಲ, ಕೊಟ್ರೆ ಬೇಡ ಅಂತೀಯ. ಡಲ್ಲಾಸ್‌ನಲ್ಲಿರೋ ನನ್ನ ತಂಗಿ ನಮ್ಮೂರ ಹಿಟ್ಟು ತಂದುಕೊಡ್ತಾಳೆ. ಅದೂ ರಾಗೀನೇ, ಸ್ವಲ್ಪ ಮರಗೆಣಸು ಸೇರಿರುತ್ತೆ. ಅದನ್ನೇ ಹಾಕ್ತಿದ್ದೆ. ಓದೋ ಹುಡುಗಿ ಅರೆಹೊಟ್ಟೇಲಿ ಮಲಗಬಾರದು."

"ಈ ಕೈ?"

"ನಿನ್ನ ಕೈಗುರುತು ನೋಡ್ದೆ. ಹಿಟ್ಟು ಮುಗೀದಿರ್ಲಿ ಅಂತ ನಿಮ್ಮಮ್ಮ ಹೇಳಿಕೊಟ್ಟ ಪ್ರಾರ್ಥನೆ ಅಂದ್ಕೊಂಡೆ. ಅದನ್ನ ಮುಚ್ಚಬೇಕಾಯ್ತಲ್ಲ ಅಂತ ಬೇಜಾರಾಗಿ ನಂದೂ ಒತ್ತಿದೆ. ತಪ್ಪಾಯ್ತಾ?"

"ಇಲ್ಲ ಆಂಟಿ" ಅಂದೆ.

ಅವತ್ತು ಮೊದಲ ಸಲ ಅವರ ಜೊತೆ ಊಟಕ್ಕೆ ಕುಳಿತೆ. ಮುಚ್ಚಳವಿದ್ದ ಪುಟ್ಟ ಹೆಣೆದ ಬುಟ್ಟಿಯಿಂದ ಬಿಸಿ ಮುದ್ದೆ ತೆಗೆದರು. ಅವರ ಕಡೆ ಅದಕ್ಕೆ ಕಾಲೊ ಎನ್ನುತ್ತಾರಂತೆ. ನಾನು ತುತ್ತು ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಕಡಲೆಬೀಜದ ಸಾರಿನಲ್ಲಿ ಅದ್ದಿ ನುಂಗಿದೆ. ಆಂಟಿ ನೋಡುತ್ತಲೇ ಇದ್ದರು.

"ಅಗಿಯಬಾರದು ಅಂತ ನಿನಗ್ಯಾರು ಹೇಳಿಕೊಟ್ಟಿದ್ದು?"

"ಅಗಿದ್ರೆ ನಮ್ಮವ್ವ ಬೈತಾಳೆ."

"ನಮ್ಮಜ್ಜಿ ತಲೆಗೇ ಮೊಟಕ್ತಿದ್ಲು" ಎಂದು ಇನ್ನೊಂದು ತುತ್ತು ನನ್ನ ತಟ್ಟೆಗೆ ಹಾಕಿದರು.

ಶಿಫ್ಟ್ ಆಗಲ್ಲ ಎಂದು ರಶ್ಮಿಗೆ ಮೆಸೇಜ್ ಕಳಿಸಿದೆ. ಅವ್ವನಿಗೆ ಫೋನಿನಲ್ಲಿ ಒಂದೂ ಬಿಡದೆ ಹೇಳಿದೆ. ಅವಳು, "ಕಣದ್ ಯಜಮಾನ್ರ ಕೆಲ್ಸ ನೀನೂ ಕಲ್ತ್‌ಬುಟ್ಯಾ ಮಗ?" ಅಂದಳು. ಅಷ್ಟೇ.

ನಾನು ಪದವಿ ಪಡೆದ ದಿನ ಅವ್ವನಿಗೆ ಬರಲಾಗಲಿಲ್ಲ. ಅವಳ ಬದಲು ಗ್ರೇಸ್ ಆಂಟಿ ಆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಕೈಗುರುತು ಪ್ರಾರ್ಥನೆಯಲ್ಲ, ಅನುಮಾನ ಎಂಬ ನಿಜವನ್ನು ಅವತ್ತಾದರೂ ಹೇಳಿಬಿಡಬೇಕು ಅಂದುಕೊಂಡೆ. ಹೇಳದೆಯೇ ಅವರ ಪಕ್ಕ ಹೋಗಿ ಕೂತೆ.

ಈಗ ನಾನಿರುವುದು ಡಲ್ಲಾಸ್ ಹತ್ತಿರದ ಕಾಪೆಲ್‌ನಲ್ಲಿ. ಹೊಸ ಹಿಟ್ಟು ತಂದು ಡಬ್ಬಕ್ಕೆ ತುಂಬಿದಾಗಲೆಲ್ಲ ಸಮ ಮಾಡಿ ಅಂಗೈ ಒತ್ತುತ್ತೇನೆ. ಆಗೆಲ್ಲ ಅವ್ವನ ಮಾತು ಕಿವಿಯಲ್ಲಿ ಕೂಗುತ್ತದೆ. ಆಂಟಿ ಫೋನ್ ಮಾಡಿದರೆ ಕೇಳದೆ ಬಿಡುವುದಿಲ್ಲ: "ಹಿಟ್ಟಿಗೆ ಪ್ರಾರ್ಥನೆ ಮಾಡ್ತಿದೀಯ ತಾನೇ?"

"ಮಾಡ್ತಿದೀನಿ ಆಂಟಿ" ಎನ್ನುತ್ತೇನೆ. ಆ ಮಾತು ಈಗ ಸುಳ್ಳಲ್ಲ.